ಅಪ್ಪನ ಕ್ಯಾಮೆರಾದಲ್ಲಿ ಉಳಿದ ರೀಲು

ಪ್ರಶ್ನೆ: ಮನೆ ಬದಲಾಯಿಸುವಾಗ ಸಜ್ಜದ ಮೇಲಿದ್ದ ಟ್ರಂಕಿನಲ್ಲಿ ಅಪ್ಪನ ಎರಡು ಕ್ಯಾಮೆರಾ ಸಿಕ್ಕವು. ಒಂದು ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000, ಇನ್ನೊಂದು ಆಗ್ಫಾ ಕ್ಲಿಕ್ 3. ಯಾಶಿಕಾದ ಮೇಲಿನ ಕಪ್ಪು ಚರ್ಮ ಪುಡಿಪುಡಿಯಾಗಿ ಉದುರುತ್ತಿದೆ. ಎಣಿಕೆಯ ಕಿಂಡಿಯಲ್ಲಿ 22 ಅಂತ ಇದೆ. ಒಳಗೆ ರೀಲು ಇದೆಯೋ ಏನೋ, ಕೇಳೋಣ ಅಂದರೆ ಅಪ್ಪ ಈಗಿಲ್ಲ. ನಾನು ಮೊಬೈಲ್ ಬಿಟ್ಟು ಬೇರೆ ಯಾವುದರಲ್ಲೂ ಫೋಟೋ ತೆಗೆದವಳಲ್ಲ. ಇವು ಕೆಲಸ ಮಾಡುತ್ತವಾ? ಬೆಂಗಳೂರಿನಲ್ಲಿ ಈಗಲೂ ರೀಲು ಸಿಗುತ್ತಾ, ತೊಳೆದುಕೊಡುವವರು ಇದ್ದಾರಾ? ಅಥವಾ ಇದೆಲ್ಲ ಸುಮ್ನೆ ದುಡ್ಡು ದಂಡವಾ?
(ಬನಶಂಕರಿಯ ಒಬ್ಬ ಓದುಗರು)

ಉತ್ತರ: ಮೊದಲನೆಯದಾಗಿ, ಯಾಶಿಕಾದ ಹಿಂದಿನ ಬಾಗಿಲು ತೆಗೆಯಬೇಡಿ. ಉಳಿದ ಉತ್ತರ ಆಮೇಲೆ ಓದಿದರೂ ನಡೆಯುತ್ತದೆ.

ಯಾಕೆ ಅಂದರೆ, ಆ ಕ್ಯಾಮೆರಾದಲ್ಲಿ ಬಾಗಿಲು ತೆಗೆದ ಕೂಡಲೇ ಎಣಿಕೆ ಮತ್ತೆ ಮೊದಲಿಗೆ ಹೋಗುತ್ತದೆ. 22 ಇನ್ನೂ ಹಾಗೇ ನಿಂತಿದೆ ಅಂದರೆ ನಿಮ್ಮಪ್ಪ 22 ಸಲ ಕ್ಲಿಕ್ ಮಾಡಿದ ಮೇಲೆ ಯಾರೂ ಬಾಗಿಲು ತೆಗೆದಿಲ್ಲ. ಒಳಗೆ ರೀಲು ಇರುವ ಸಾಧ್ಯತೆ ಜಾಸ್ತಿ. ಎಡಗಡೆ ಮೇಲೆ ಒಂದು ರಿವೈಂಡ್ ನಾಬ್ ಇದೆ. ಅದರ ಪುಟ್ಟ ಹಿಡಿಯನ್ನು ಬಿಚ್ಚಿ, ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಿ. ನಾಬ್ ಅನ್ನು ಮೇಲಕ್ಕೆ ಎಳೆಯಬೇಡಿ, ಎಳೆದರೆ ಬಾಗಿಲು ತೆರೆದುಕೊಳ್ಳುತ್ತದೆ. ಸ್ವಲ್ಪ ತಿರುಗಿ ಬಿಗಿಯಾದರೆ ರೀಲು ಇದೆ ಅಂತ ಅರ್ಥ. ಆಗ ತಳದಲ್ಲಿರುವ ಚಿಕ್ಕ ಗುಂಡಿ ಒತ್ತಿ, ನಿಧಾನವಾಗಿ ಸುತ್ತುತ್ತಾ ಹೋಗಿ. ಹಳೆಯ ಫಿಲ್ಮ್ ಒಣಗಿ ಗಡುಸಾಗಿರುತ್ತದೆ, ಅವಸರ ಮಾಡಿದರೆ ತುಂಡಾಗುತ್ತದೆ. ಕೊನೆಗೆ ಒಂದು ಚಿಕ್ಕ ಎಳೆತ ಸಿಕ್ಕಿ ನಾಬ್ ಸಡಿಲವಾಗುತ್ತದೆ. ಅಲ್ಲಿಗೆ ರೀಲು ಪೂರ್ತಿ ಡಬ್ಬಿಯೊಳಗೆ ಹೋಯಿತು, ಈಗ ನಾಬ್ ಎಳೆದು ಬಾಗಿಲು ತೆಗೆಯಬಹುದು.

ಮೊದಲಿನಿಂದಲೇ ಸಡಿಲವಾಗಿ ತಿರುಗಿದರೆ? ರೀಲು ಇಲ್ಲದಿರಬಹುದು. ಸುತ್ತಿಟ್ಟು ತೆಗೆಯಲು ಮರೆತಿರಬಹುದು. ತುಂಡಾಗಿಯೂ ಇರಬಹುದು. ಹಾಗಾಗಿ ಅನುಮಾನ ಇದ್ದರೆ ರಾತ್ರಿ ಕಿಟಕಿ ಇಲ್ಲದ ಬಚ್ಚಲಲ್ಲಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಮೊಬೈಲ್ ಹೊರಗಿಟ್ಟು, ಕೈಯಲ್ಲೇ ತಡವಿ ನೋಡಿ.

36 ಫೋಟೋದ ರೀಲಾಗಿದ್ದರೆ, ಉಳಿದ 14 ಫೋಟೋಗಳನ್ನು ನಾನೇ ತೆಗೆದು ಮುಗಿಸಿಬಿಡಲಾ ಅಂತ ನಿಮಗೆ ಅನಿಸಬಹುದು. ಬೇಡ ಅಂತಲೇ ಹೇಳುತ್ತೇನೆ. ಅಷ್ಟು ವರ್ಷ ಸಜ್ಜದ ಮೇಲೆ ಕಾದ ಫಿಲ್ಮ್‌ನಲ್ಲಿ ನಿಮ್ಮ ಫೋಟೋಗಳೂ ಚೆನ್ನಾಗಿ ಬರುವುದಿಲ್ಲ, ಕ್ಯಾಮೆರಾ ಸರಿ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಡಬ್ಬಿಯನ್ನು ಒಂದು ಜಿಪ್ ಕವರ್‌ಗೆ ಹಾಕಿ ಫ್ರಿಜ್ಜಿನಲ್ಲಿಡಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಕ್ಯಾಮೆರಾ. ಚರ್ಮ ಉದುರುತ್ತಿದೆ ಅಂತ ಹೆದರಬೇಡಿ. ಎಫ್‌ಎಕ್ಸ್-3ರ ಹುಟ್ಟುರೋಗ ಅದು. ನಾನು ನೋಡಿದ ಹತ್ತರಲ್ಲಿ ಎಂಟಕ್ಕೆ ಹಾಗೇ ಆಗಿತ್ತು. ಅದು ನಿಜವಾದ ಚರ್ಮವೂ ಅಲ್ಲ. ಪೂರ್ತಿ ಕೆರೆದು ತೆಗೆದು, ಚೀಲ ಹೊಲಿಯುವವರ ಹತ್ತಿರ ತೆಳುವಾದ ರೆಕ್ಸಿನ್ ತಂದು ಅಂಟಿಸಿಕೊಂಡರೆ ಆಯಿತು. ಒಳಗಿನ ಯಂತ್ರ ಗಟ್ಟಿ. ಬೆಳಕಿಗೆ ತೆರೆದು ಮುಚ್ಚುವ ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಇಲ್ಲದೆಯೂ ಓಡುತ್ತದೆ. ಬ್ಯಾಟರಿ ಬೇಕಾಗಿರುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಎರಡು ಎಲ್‌ಆರ್44 ಸೆಲ್, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತವೆ. ತಳದ ಮುಚ್ಚಳ ತೆಗೆದಾಗ ಹಳೆಯ ಸೆಲ್ ಸೋರಿ ಬಿಳಿ-ಹಸಿರು ಉಪ್ಪು ಕಟ್ಟಿದ್ದರೆ, ಕಿವಿ ಕಡ್ಡಿಗೆ ಒಂದು ಹನಿ ವಿನೆಗರ್ ಹಾಕಿ ಒರೆಸಿ.

ಆಮೇಲೆ ಖಾಲಿ ಕ್ಯಾಮೆರಾದ ಬಾಗಿಲು ತೆಗೆದು, ಕಿಟಕಿಯ ಕಡೆ ಹಿಡಿದು, ಬೇರೆ ಬೇರೆ ವೇಗದಲ್ಲಿ ಕ್ಲಿಕ್ ಮಾಡಿ. ಒಂದು ಸೆಕೆಂಡಿಗೆ ಇಟ್ಟರೆ ಹೆಚ್ಚುಕಡಿಮೆ ಒಂದು ಸೆಕೆಂಡು ತೆರೆದಿರಬೇಕು. ಹಳೆಯ ಕ್ಯಾಮೆರಾಗಳಲ್ಲಿ ಗ್ರೀಸು ಒಣಗಿ ನಿಧಾನದ ವೇಗಗಳೇ ಮೊದಲು ಕೈಕೊಡುತ್ತವೆ. 1/125, 1/250, 1/500 ಸರಿಯಾಗಿ ಕೇಳಿಸಿದರೆ ಹಗಲಿನ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಶಟರ್‌ನ ತೆಳುವಾದ ಲೋಹದ ಎಲೆಗಳನ್ನು ಮಾತ್ರ ಬೆರಳಲ್ಲಿ ಮುಟ್ಟಬೇಡಿ.

ಬಾಗಿಲಿನ ಅಂಚಿನ ಸಂದಿಯಲ್ಲಿ ಕಪ್ಪು ಸ್ಪಂಜು ಇರುತ್ತದೆ, ಬೆಳಕು ನುಸುಳದಿರಲಿ ಅಂತ. ಈಗ ಅದು ಡಾಂಬರಿನ ಹಾಗೆ ಅಂಟಂಟಾಗಿರುತ್ತದೆ. ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಹಳೆಯ ಲುಂಗಿಯನ್ನೋ ಪೇಪರನ್ನೋ ಹಾಸಿಕೊಂಡು ಕೂರಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ತೆಗೆದು, ಆ ಕಾಲುವೆಗೆ ಕಪ್ಪು ಉಣ್ಣೆ ದಾರ ಕೂರಿಸಿದರೂ ಸಾಕು. ಇದನ್ನು ಬಿಟ್ಟರೆ ಫೋಟೋದ ಅಂಚಿನಲ್ಲಿ ಕಿತ್ತಳೆ ಬಣ್ಣದ ಗೆರೆಗಳು ಬರುತ್ತವೆ. ಈಚೆಗೆ ಕೆಲವರು ಅದನ್ನೇ ಚೆಂದ ಅನ್ನುತ್ತಾರೆ. ನನಗೆ ಆಗಿಬರುವುದಿಲ್ಲ.

ಕೊನೆಗೆ ಲೆನ್ಸ್. ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯ ಹಾಗೆ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು. ಅಂಚಿನಲ್ಲಿ ಒಂದಿಷ್ಟಿದ್ದರೆ ಫೋಟೋದಲ್ಲಿ ಗೊತ್ತೂ ಆಗುವುದಿಲ್ಲ. ನಡುವಿಗೆ ಹರಡಿದ್ದರೆ ಬಿಚ್ಚಿ ತೊಳೆಯಬೇಕು, ಅದು ಬಲ್ಲವರ ಕೆಲಸ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸುತ್ತಮುತ್ತ ಹಳೆಯ ರಿಪೇರಿಯವರು ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದಾರೆ. ಮೆಟ್ಟಿಲು ಹತ್ತಿ ಹುಡುಕಬೇಕು. ಬೋರ್ಡಿನಲ್ಲಿ ಮೊಬೈಲ್ ಸರ್ವಿಸ್ ಅಂತ ಇರುತ್ತದೆ, ಒಳಗೆ ಮೇಜಿನ ಮೇಲೆ ಬಿಚ್ಚಿಟ್ಟ ಜೆನಿತ್ ಕ್ಯಾಮೆರಾ ಇರುತ್ತದೆ. ಒಂದು ಮಾತು ಬಾಯಿಬಿಟ್ಟು ಹೇಳಿಸಿಕೊಳ್ಳಿ: ರಿಪೇರಿಗಿಂತ ಮೊದಲು ಬೆಲೆ.

ಇಷ್ಟು ಹೇಳಿದರೂ, ಕ್ಯಾಮೆರಾ ನಿಮ್ಮ ನಿಜವಾದ ತೊಂದರೆ ಅಲ್ಲ. ಫಿಲ್ಮ್‌ಗೆ ಮರಳುವವರೆಲ್ಲ ಕ್ಯಾಮೆರಾ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಒಂದಿದ್ದ ಕಡೆ ಮೂರು ಕೊಳ್ಳುತ್ತಾರೆ. ಆದರೆ ಪರದಾಟ ಶುರುವಾಗುವುದು ಕ್ಲಿಕ್ ಆದ ಮೇಲೆ. ಯಾರು ತೊಳೆಯುತ್ತಾರೆ, ಹೇಗೆ ತೊಳೆಯುತ್ತಾರೆ, ನೆಗೆಟಿವ್ (ತೊಳೆದ ಫಿಲ್ಮ್) ವಾಪಸ್ ಕೊಡುತ್ತಾರಾ. ಜಿ.ಕೆ. ವೇಲ್ ಸ್ಟುಡಿಯೋ 1910ರಷ್ಟು ಹಿಂದೆಯೇ ಶುರುವಾದ ಊರು ಇದು. ಒಂದು ಕಾಲದಲ್ಲಿ ಗಾಂಧಿಬಜಾರಿನಿಂದ ಮಲ್ಲೇಶ್ವರದವರೆಗೆ ಬಡಾವಣೆಗೊಂದು ಕಲರ್ ಲ್ಯಾಬ್ ಇತ್ತು. ಬೆಳಿಗ್ಗೆ ಕೊಟ್ಟರೆ ಸಂಜೆ ಆಲ್ಬಮ್ ಸಮೇತ ಕೈಗೆ. ಆಗ ದಿನಕ್ಕೆ ನೂರಾರು ರೀಲು ಬರುತ್ತಿದ್ದದ್ದರಿಂದ ಯಂತ್ರದ ರಾಸಾಯನಿಕ ಯಾವಾಗಲೂ ತಾಜಾ ಇರುತ್ತಿತ್ತು. ಈಗ ವಾರಕ್ಕೆ ನಾಲ್ಕು ರೀಲು ಬರುವ ಕಡೆ ಅದೇ ರಾಸಾಯನಿಕ ಹಳಸುತ್ತದೆ. ಕಲರ್ ನೆಗೆಟಿವ್ ತೊಳೆಯುವ ಸಿ-41 ಕ್ರಮದಲ್ಲಿ ಚಿತ್ರ ಮೂಡಿಸುವ ರಾಸಾಯನಿಕ, ಅಂದರೆ ಡೆವಲಪರ್, ಸುಮಾರು 38 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ಸ್ವಲ್ಪ ಆಚೀಚೆ ಆದರೆ ಬಣ್ಣ ಕೆಡುತ್ತದೆ.

ಹಾಗಾಗಿ ಲ್ಯಾಬ್ ಅನ್ನು ಮೊದಲು ಹುಡುಕಿ, ಫಿಲ್ಮ್ ಆಮೇಲೆ ಕೊಳ್ಳಿ. ಊರಲ್ಲಿ ಲ್ಯಾಬ್‌ಗಳು ಇವೆ, ಹೊಸ ಹುಡುಗರು ಶುರು ಮಾಡಿದವೂ ಇವೆ, ಕೊರಿಯರ್‌ನಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ಫೋನ್ ಮಾಡಿ ಕೇಳಿ. ನೀವೇ ತೊಳೆಯುತ್ತೀರಾ, ಬೇರೆ ಊರಿಗೆ ಕಳಿಸುತ್ತೀರಾ? ಕಪ್ಪು-ಬಿಳುಪು ಮಾಡುತ್ತೀರಾ? ವಾರಕ್ಕೆ ಎಷ್ಟು ರೀಲು ಬರುತ್ತವೆ? ಸ್ಕ್ಯಾನ್ ಎಷ್ಟು ದೊಡ್ಡದು? ಉದ್ದದ ಕಡೆ 3000 ಪಿಕ್ಸೆಲ್‌ಗಿಂತ ಕಡಿಮೆ ಅಂದರೆ ಒಪ್ಪಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ನೆಗೆಟಿವ್ ಕತ್ತರಿಸಿ ಕವರ್‌ಗೆ ಹಾಕಿ ವಾಪಸ್ ಕೊಡುತ್ತೀರಾ?

ಈ ಕೊನೆಯ ಪ್ರಶ್ನೆ ನಾನು ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷಗಳ ಹಿಂದೆ ಒಂದು ಲ್ಯಾಬ್‌ಗೆ ಮೂರು ರೀಲು ಕೊಟ್ಟಿದ್ದೆ. ಸ್ಕ್ಯಾನ್‌ಗಳು ಮೊಬೈಲ್‌ಗೆ ಬಂದವು. ತಿಂಗಳು ಬಿಟ್ಟು ನೆಗೆಟಿವ್ ತರಲು ಹೋದರೆ, "ಸಾರ್, ಅದನ್ಯಾರು ಕೇಳ್ತಾರೆ, ಎಸೆದುಬಿಟ್ವಿ" ಅಂದರು. ಉಳಿದಿದ್ದು ವಾಟ್ಸಾಪ್‌ನಲ್ಲಿ ಬಂದ ಚಿಕ್ಕ ಚಿಕ್ಕ ಫೈಲುಗಳು ಮಾತ್ರ. ನೆಗೆಟಿವ್ ಕೈಯಲ್ಲಿದ್ದರೆ ಇಪ್ಪತ್ತು ವರ್ಷ ಬಿಟ್ಟು ಇನ್ನೂ ಚೆನ್ನಾಗಿ ಸ್ಕ್ಯಾನ್ ಮಾಡಿಸಬಹುದು. ಅದಿಲ್ಲದಿದ್ದರೆ ನೀವು ಮೊಬೈಲ್‌ನಲ್ಲೇ ತೆಗೆಯಬಹುದಿತ್ತು, ಅಲ್ವಾ?

ದುಡ್ಡಿನ ಲೆಕ್ಕಕ್ಕೆ ಬರೋಣ. ಊಟಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಅನ್ನುವ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮ್ ಮಾಡುತ್ತಿತ್ತು. ಅದು ಮುಚ್ಚಿತು. ಈಗ ಇಲ್‌ಫೋರ್ಡ್ ಇಂಗ್ಲೆಂಡಿನಿಂದ, ಕೊಡ್ಯಾಕ್ ಅಮೆರಿಕದಿಂದ, ಫೋಮಾ ಜೆಕ್ ದೇಶದಿಂದ ಬರಬೇಕು. ಸುಂಕ, ಸಾಗಣೆ ಎಲ್ಲ ಸೇರಿ 36 ಫೋಟೋದ ಒಂದು ರೋಲ್‌ಗೆ ನಾನು ಕೊಡುತ್ತಿರುವುದು ಸಾವಿರದ ಆಸುಪಾಸು. ತೊಳೆದು ಸ್ಕ್ಯಾನ್ ಮಾಡಿಸಲು ಇನ್ನೊಂದು ಐನೂರು. ಒಂದು ಕ್ಲಿಕ್‌ಗೆ ನಲವತ್ತು ರೂಪಾಯಿ ಚಿಲ್ಲರೆ ಬಿತ್ತು. ಎರಡು ಕ್ಲಿಕ್‌ಗೆ ಒಂದು ಮಸಾಲೆ ದೋಸೆ ಅಂತ ಇಟ್ಟುಕೊಳ್ಳಿ. ಫಿಲ್ಮ್ ಮನುಷ್ಯನಿಗೆ ತಾಳ್ಮೆ ಕಲಿಸುತ್ತದೆ ಅಂತ ಜನ ದೊಡ್ಡದಾಗಿ ಹೇಳುತ್ತಾರೆ. ನನಗೆ ಕಲಿಸಿದ್ದು ಕಾಗುಣಿತದಷ್ಟು ಸರಳ ಲೆಕ್ಕ. ಬೆಕ್ಕಿನ ಫೋಟೋ ಎಂಟು ಸಲ ತೆಗೆಯಬೇಕಾ ಅಂತ ಕೈ ತಾನೇ ಯೋಚಿಸುತ್ತದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಹಕ್ಕಿಗಳ ಫೋಟೋಗಳನ್ನು ಇದೇ 36ರ ಲೆಕ್ಕದಲ್ಲಿ, ಆಟೋಫೋಕಸ್ ಇಲ್ಲದೆ ತೆಗೆದರು ಅಂತ ನೆನೆದಾಗಲೆಲ್ಲ ನನ್ನ ಗೊಣಗಾಟ ನಿಲ್ಲುತ್ತದೆ.

ಮಕ್ಕಳ ಹುಟ್ಟುಹಬ್ಬಕ್ಕೆ, ರಾತ್ರಿಯ ಊಟಕ್ಕೆ, ಅಣ್ಣನ ಮದುವೆಗೆ ಮೊಬೈಲೇ ವಾಸಿ. ಇದನ್ನು ಒಪ್ಪಿಕೊಂಡೇ ಶುರು ಮಾಡಿ.

ಮೊದಲ ರೋಲ್ ಯಾವುದು? ನನ್ನ ಮಟ್ಟಿಗೆ ಕಪ್ಪು-ಬಿಳುಪು, 400 ವೇಗದ್ದು. ಫಿಲ್ಮಿನ ಈ ಸಂಖ್ಯೆ ಹೆಚ್ಚಾದಷ್ಟೂ ಅದಕ್ಕೆ ಕಡಿಮೆ ಬೆಳಕು ಸಾಕು. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್, ಇಲ್ಲವೇ ಅದಕ್ಕಿಂತ ಅಗ್ಗದ ಕೆಂಟ್ಮಿಯರ್ 400. ನಮ್ಮಲ್ಲಿ ಇಷ್ಟು ಬಿಸಿಲಿರುವಾಗ 100 ಸಾಕಲ್ವಾ ಅಂತ ಅನಿಸುತ್ತದೆ. ಸಾಲದು. ಬೆಂಗಳೂರಿನಲ್ಲಿ ನಾವು ಫೋಟೋ ತೆಗೆಯುವುದು ಬಿಸಿಲಿನಲ್ಲಲ್ಲ, ಮರದ ಕೆಳಗೆ. ಜಯನಗರದ ರಸ್ತೆ, ಲಾಲ್‌ಬಾಗ್, ಕಬ್ಬನ್ ಪಾರ್ಕ್, ಎಲ್ಲ ಕಡೆ ನೆರಳು. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನ ಹೂವಿನ ರಾಶಿಯ ಹತ್ತಿರ ನಿಂತರಂತೂ 400 ಕೂಡ ತಿಣುಕುತ್ತದೆ.

ಕಲರ್ ಬೇಕೇ ಬೇಕು ಅಂದರೆ ಕೊಡ್ಯಾಕ್ ಗೋಲ್ಡ್ 200 ಅಥವಾ ಅಲ್ಟ್ರಾಮ್ಯಾಕ್ಸ್ 400. ಸಿನಿಮಾದ ವಿಷನ್3 ಫಿಲ್ಮ್ ಅನ್ನು ಕತ್ತರಿಸಿ ಡಬ್ಬಿಗೆ ಸುತ್ತಿ ಅಗ್ಗಕ್ಕೆ ಮಾರುತ್ತಾರೆ. ಒಳ್ಳೆಯ ಫಿಲ್ಮೇ, ಆದರೆ ಹಲವದರ ಬೆನ್ನಿಗೆ ರೆಮ್‌ಜೆಟ್ ಅನ್ನುವ ಕಪ್ಪು ಇಂಗಾಲದ ಲೇಪ ಇರುತ್ತದೆ. ಹೇಳದೆ ಸಾಮಾನ್ಯ ಲ್ಯಾಬ್ ಯಂತ್ರಕ್ಕೆ ಕೊಟ್ಟರೆ ಅವರ ರಾಸಾಯನಿಕವೂ ಹಾಳು, ಬೇರೆಯವರ ರೀಲೂ ಹಾಳು. ಹೇಳಿಯೇ ಕೊಡಿ.

ಲೋಡ್ ಮಾಡುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ಫಿಲ್ಮಿನ ತುದಿ ಬಲಗಡೆಯ ಸುರುಳಿಗೆ ಸರಿಯಾಗಿ ಸಿಕ್ಕಿಕೊಳ್ಳದಿದ್ದರೂ ಎಣಿಕೆ ಮಾತ್ರ 1, 2, 3 ಅಂತ ಓಡುತ್ತಲೇ ಇರುತ್ತದೆ. ನಾನು ಒಂದು ವರ್ಷ ಕಡಲೆಕಾಯಿ ಪರಿಷೆಯಲ್ಲಿ ಇಡೀ ಬೆಳಿಗ್ಗೆ ಬುಲ್ ಟೆಂಪಲ್ ರಸ್ತೆಯಲ್ಲಿ ಅಲೆದು 36 ಫೋಟೋ ತೆಗೆದೆ. 37, 38, 39 ಆಯಿತು. ಅಬ್ಬಾ, ಎಷ್ಟು ಉದ್ದದ ರೀಲು ಅಂದುಕೊಂಡೆ. ಒಂದಡಿಯೂ ಮುಂದೆ ಹೋಗಿರಲಿಲ್ಲ. ಪ್ರತಿ ಸಲ ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ನಾಬ್ ತಾನೇ ತಿರುಗುತ್ತಿದೆಯಾ ಅಂತ ನೋಡಿ. ತಿರುಗುತ್ತಿಲ್ಲ ಅಂದರೆ ಫಿಲ್ಮ್ ಓಡುತ್ತಿಲ್ಲ.

ಬೆಳಕಿನ ಲೆಕ್ಕ ಸುಲಭ. ಮೀಟರ್ ಕೆಟ್ಟಿದ್ದರೂ ಪರವಾಗಿಲ್ಲ. ಲೆನ್ಸ್ ಎಷ್ಟು ತೆರೆದಿರುತ್ತದೆ ಅನ್ನುವುದಕ್ಕೆ ಎಫ್ ಸಂಖ್ಯೆ, ಅದು ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ನೆತ್ತಿಯ ಮೇಲೆ ಬಿಸಿಲಿದ್ದರೆ ಎಫ್/16, ಶಟರ್ ವೇಗ ಫಿಲ್ಮಿನ ಸಂಖ್ಯೆಗೆ ಹತ್ತಿರದ್ದು. 400 ಫಿಲ್ಮ್‌ಗೆ 1/500. ತೆಳು ಮೋಡಕ್ಕೆ ಎಫ್/11, ನೆರಳೇ ಬೀಳದ ಮೋಡಕ್ಕೆ ಎಫ್/8, ದಟ್ಟ ಮೋಡಕ್ಕೆ ಎಫ್/5.6, ಕಟ್ಟಡದ ನೆರಳಿಗೆ ಎಫ್/5.6 ಅಥವಾ ಎಫ್/4. ಮರದ ದಟ್ಟ ನೆರಳಿಗೆ ಇನ್ನೂ ಒಂದು ಮೆಟ್ಟಿಲು ಇಳಿಯಿರಿ. ಅನುಮಾನ ಬಂದರೆ ಬೆಳಕು ಜಾಸ್ತಿಯೇ ಕೊಡಿ. ಡಿಜಿಟಲ್‌ನಲ್ಲಿ ಬೆಳಕು ಹೆಚ್ಚಾದರೆ ಬಿಳಿ ಭಾಗ ಸುಟ್ಟುಹೋಗುತ್ತದೆ. ನೆಗೆಟಿವ್ ಅದಕ್ಕೆ ಉಲ್ಟಾ. ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಹೆಚ್ಚಾದರೂ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ನೆರಳಿನ ಭಾಗದಲ್ಲಿ ಏನೂ ದಾಖಲಾಗಿರುವುದಿಲ್ಲ. ಇಲ್ಲದ್ದನ್ನು ಯಾವ ಲ್ಯಾಬೂ ತರಲಾರದು.

ಕಪ್ಪು-ಬಿಳುಪು ಅಂತ ಒತ್ತಿ ಹೇಳಿದ್ದಕ್ಕೆ ಇನ್ನೊಂದು ಕಾರಣ, ಅದನ್ನು ಮನೆಯಲ್ಲೇ ತೊಳೆಯಬಹುದು. ಎರಡು ಮೂರು ರೋಲ್ ಆದ ಮೇಲೆ ಇದಕ್ಕೆ ಕೈ ಹಾಕಿ. ಲ್ಯಾಬ್‌ನ ಹಂಗು ಅರ್ಧ ತಪ್ಪುತ್ತದೆ. ಬೇಕಾಗಿರುವುದು ಒಂದು ಡೆವಲಪಿಂಗ್ ಟ್ಯಾಂಕ್, ಕೈ ತೂರಿಸುವ ಕಪ್ಪು ಚೀಲ, ಥರ್ಮಾಮೀಟರ್, ಡೆವಲಪರ್, ಮೂಡಿದ ಚಿತ್ರವನ್ನು ಗಟ್ಟಿ ಮಾಡುವ ಫಿಕ್ಸರ್. ಡಾರ್ಕ್‌ರೂಮ್ ಬೇಡ. ಚೀಲದೊಳಗೆ ಫಿಲ್ಮ್ ಅನ್ನು ಟ್ಯಾಂಕಿಗೆ ಸೇರಿಸಿದ ಮೇಲೆ ಉಳಿದದ್ದೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ, ಟ್ಯೂಬ್‌ಲೈಟ್ ಕೆಳಗೆ.

ಎಚ್‌ಪಿ5 ಪ್ಲಸ್‌ಗೆ ಡಿ-76 ಡೆವಲಪರ್ ನೀರು ಬೆರೆಸದೆ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಪುಸ್ತಕಗಳಲ್ಲಿ 20 ಡಿಗ್ರಿ ಅಂತ ಸಲೀಸಾಗಿ ಬರೆದಿರುತ್ತಾರೆ. ಏಪ್ರಿಲ್‌ನಲ್ಲಿ ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರು ಕೈಗೆ ಬೆಚ್ಚಗೇ ಬರುತ್ತದೆ. ಬಿಸಿ ಹೆಚ್ಚಾದಷ್ಟೂ ಹೊತ್ತು ಕಡಿಮೆ ಮಾಡಬೇಕು. ಐದು ನಿಮಿಷಕ್ಕಿಂತ ಕೆಳಗೆ ಹೋದರೆ ಫಿಲ್ಮ್ ಸಮನಾಗಿ ತೊಳೆಯುವುದಿಲ್ಲ, ಪಟ್ಟೆಪಟ್ಟೆ ಬರುತ್ತದೆ. ಅದಕ್ಕೇ ನಾನು ಡಿ-76ಕ್ಕೆ ಅಷ್ಟೇ ನೀರು ಬೆರೆಸುತ್ತೇನೆ. ಆಗ 20 ಡಿಗ್ರಿಗೆ 11 ನಿಮಿಷ, 24 ಡಿಗ್ರಿಗೆ ಸುಮಾರು 8 ನಿಮಿಷ. ಬೇಸಿಗೆಯಲ್ಲಿ ಒಂದು ಅಗಲದ ಬೇಸಿನ್‌ಗೆ ಐಸ್ ಹಾಕಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿದರೆ 24ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಟ್ಯಾಂಕಿನ ಪ್ಲಾಸ್ಟಿಕ್ ಸುರುಳಿಯಲ್ಲಿ ಚೂರು ತೇವ ಇದ್ದರೂ ಫಿಲ್ಮ್ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲೇ ಹೇರ್ ಡ್ರೈಯರ್ ಹಿಡಿದು ಒಣಗಿಸಿ.

ಡೆವಲಪರ್, ಆಮೇಲೆ ಫಿಕ್ಸರ್, ಕೊನೆಗೆ ಜಾಲಾಡುವ ನೀರು. ಅರ್ಧ ಗಂಟೆ ನಲ್ಲಿ ಬಿಟ್ಟು ತೊಳೆಯಿರಿ ಅನ್ನುವುದು ಹಳೆಯ ಕ್ರಮ. 2024ರ ಬೇಸಿಗೆಯ ನೀರಿನ ಬರ ಕಂಡ ಬೆಂಗಳೂರಿನವರಿಗೆ ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಇಲ್‌ಫೋರ್ಡ್‌ನವರದ್ದೇ ಒಂದು ಉಪಾಯ ಇದೆ. ಟ್ಯಾಂಕಿಗೆ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ. ಮತ್ತೆ ತುಂಬಿ 10 ಸಲ. ಮತ್ತೆ ತುಂಬಿ 20 ಸಲ. ಮೂರು ಟ್ಯಾಂಕ್ ನೀರಿಗೆ ಕೆಲಸ ಮುಗಿಯಿತು. ನಿಮ್ಮದು ಬೋರ್ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಕೊನೆಯ ಒಂದು ಸಲಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬಳಸಿದ ಫಿಕ್ಸರ್ ಅನ್ನು ಮಾತ್ರ ಸಿಂಕಿಗೂ ಗಿಡಕ್ಕೂ ಸುರಿಯಬೇಡಿ, ಅದರಲ್ಲಿ ಫಿಲ್ಮ್‌ನಿಂದ ಬಿಟ್ಟ ಬೆಳ್ಳಿ ಕರಗಿರುತ್ತದೆ. ಕ್ಯಾನಿನಲ್ಲಿ ಕೂಡಿಟ್ಟು ಲ್ಯಾಬ್‌ನವರು ತೆಗೆದುಕೊಳ್ಳುತ್ತಾರಾ ವಿಚಾರಿಸಿ.

ಚಿಕ್ಕಪುಟ್ಟ ಎಚ್ಚರಿಕೆಗಳು. ಫಿಲ್ಮ್ ಹಾಕಿದ ಕ್ಯಾಮೆರಾವನ್ನು ಬಿಸಿಲಲ್ಲಿ ನಿಂತ ಸ್ಕೂಟರ್‌ನ ಡಿಕ್ಕಿಯಲ್ಲಿ ಬಿಡಬೇಡಿ. ವಿಮಾನ ನಿಲ್ದಾಣದಲ್ಲಿ ರೀಲನ್ನು ಚೆಕ್-ಇನ್ ಬ್ಯಾಗಿಗೆ ಹಾಕಲೇಬೇಡಿ, ಕೈಯಲ್ಲಿ ಹಿಡಿದು ಎಕ್ಸ್‌ರೇ ಬದಲು ಕೈಯಲ್ಲೇ ತಪಾಸಣೆ ಮಾಡಿ ಅಂತ ನಯವಾಗಿ ಕೇಳಿ. ಕ್ಯಾಮೆರಾವನ್ನು ಮತ್ತೆ ಚರ್ಮದ ಕೇಸಿಗೆ ಹಾಕಿ ಬೀರುವಿನಲ್ಲಿ ಇಡಬೇಡಿ. ಆ ಕೇಸೇ ತೇವ ಹಿಡಿದು ಬೂಷ್ಟು ಬೆಳೆಸುವುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾಯಿಸುವ ಜೆಲ್ ತಂದಿದ್ದರೆ, ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಿ. ಆ ಬಾಣಲೆಯನ್ನು ಅಡುಗೆಗೆ ತರಬೇಡಿ.

ಕ್ಲಿಕ್ 3ರ ಬಗ್ಗೆ ನೀವು ಜಾಸ್ತಿ ಕೇಳಲಿಲ್ಲ. ಒಂದು ತಲೆಮಾರಿನ ಮೊದಲ ಕ್ಯಾಮೆರಾ ಅದು. ನನ್ನ ಅಕ್ಕನ ನಾಮಕರಣದ ಫೋಟೋ ಅದರಲ್ಲೇ ತೆಗೆದದ್ದು. ಇದಕ್ಕೆ 120 ಅನ್ನುವ ಅಗಲದ ಫಿಲ್ಮ್ ಬೇಕು, ಚೌಕಾಕಾರದ 12 ಫೋಟೋ ಬರುತ್ತವೆ. ಫೋಕಸ್ ಮಾಡುವಂತಿಲ್ಲ, ವೇಗ ಬದಲಾಯಿಸುವಂತಿಲ್ಲ. 100 ಅಥವಾ 125 ವೇಗದ ಫಿಲ್ಮ್ ಹಾಕಿ, ಬಯಲಿನ ಬಿಸಿಲಿಗೆ ಹೋಗಿ. ಹಿಂದಿನ ಕೆಂಪು ಕಿಂಡಿಗೆ ಕಪ್ಪು ಟೇಪ್ ಹಚ್ಚಿ, ಮುಂದಿನ ನಂಬರಿಗೆ ಸುತ್ತುವಾಗ ಮಾತ್ರ ಎತ್ತಿ ನೋಡಿ. ಆದರೆ ಇದನ್ನು ಯಾಶಿಕಾ ಕೈಗೆ ಒಗ್ಗಿದ ಮೇಲೆ ಮಾಡಿ.

ಈಗ ಫ್ರಿಜ್ಜಿನಲ್ಲಿರುವ ರೀಲು. ಡಬ್ಬಿಯ ಮೇಲೆ ಸಿ-41 ಅಂತ ಇದ್ದರೆ ಬಹುತೇಕ ಕಲರ್. ಅದನ್ನು ಎರಡು ರೀತಿ ತೊಳೆಸಬಹುದು. ಕಲರ್ ಆಗಿಯೇ ತೊಳೆಸಿದರೆ ಬಣ್ಣ ಮಾಸಿ, ಕಂದು-ನೇರಳೆ ಮಸುಕು ಕವಿದು, ಏನೋ ಕಂಡ ಹಾಗೆ ಕಾಣಬಹುದು. ಕಪ್ಪು-ಬಿಳುಪು ಡೆವಲಪರ್‌ನಲ್ಲಿ ತೊಳೆಸಿದರೆ ಬಣ್ಣ ಹೋಯಿತು, ಮತ್ತೆ ಬರುವುದಿಲ್ಲ, ಆದರೆ ಮುಖಗಳು ಸಿಗುವ ಸಾಧ್ಯತೆ ಜಾಸ್ತಿ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಆದರೆ ಯಾರಿಗೂ ಇದನ್ನು ಮೊದಲ ರೀಲಾಗಿ ಕೊಡಬೇಡಿ. ನಿಮ್ಮದೇ ಎರಡು ಹೊಸ ರೋಲ್ ಅದೇ ಲ್ಯಾಬ್‌ನಲ್ಲಿ ತೊಳೆಸಿ. ನೆಗೆಟಿವ್ ಶುಭ್ರವಾಗಿ, ಗೀಚಿಲ್ಲದೆ, ಕವರ್‌ನಲ್ಲಿ ವಾಪಸ್ ಬಂದರೆ ಮೂರನೇ ಸಲ ಇದನ್ನು ತೆಗೆದುಕೊಂಡು ಹೋಗಿ. ಹಿಂದಿನ ರಾತ್ರಿಯೇ ಫ್ರಿಜ್ಜಿನಿಂದ ಹೊರಗಿಡಿ. ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಕೌಂಟರಿನ ಹುಡುಗನಿಗಲ್ಲ, ತೊಳೆಯುವವರ ಕೈಗೇ ಕೊಟ್ಟು, ಇದು ಅಪ್ಪ ತೆಗೆದದ್ದು ಅಂತ ಹೇಳಿ ಬನ್ನಿ.